ಆ್ಯಪ್ ಚೆನ್ನಾಗಿತ್ತು, ಲೆಕ್ಕ ಕೂಡಲಿಲ್ಲ

ನಮ್ಮ ಆಫೀಸಿನಲ್ಲಿ ಟೀ ವಿರಾಮಕ್ಕೊಂದು ಸ್ಟಾರ್ಟಪ್ ಹುಟ್ಟುತ್ತದೆ. ನಡುರಾತ್ರಿ ಸರ್ವರ್ ಕೈಕೊಟ್ಟು ನಿದ್ದೆಗೆಟ್ಟವನೇ ಮರುದಿನ, ‘ಈ ಚಾಕರಿ ಸಾಕು ಮಾರಾಯ, ನಾವೇ ಒಂದು ಆ್ಯಪ್ ಮಾಡೋಣ’ ಅನ್ನುತ್ತಾನೆ. ಅಂಥವರಿಗೆ ನಾನು ಹೇಳುವುದು ಡನ್ಜೋ ಎಂಬ ಡೆಲಿವರಿ ಕಂಪನಿಯ ಕಥೆ.

ಬೆಂಗಳೂರಿನಲ್ಲಿ ಅದು ಶುರುವಾಗಿದ್ದು ವಾಟ್ಸ್‌ಆ್ಯಪ್‌ನಲ್ಲಿ. ಮನೆಯಲ್ಲಿ ಮರೆತ ಚಾರ್ಜರ್, ಅಮ್ಮನ ಮಾತ್ರೆ, ಇಸ್ತ್ರಿಗೆ ಕೊಟ್ಟ ಬಟ್ಟೆ ಏನೇ ಇರಲಿ, ಮೆಸೇಜ್ ಹಾಕಿದರೆ ಯಾರಾದರೂ ತಂದುಕೊಡುತ್ತಿದ್ದರು. 2017ರಲ್ಲಿ ಗೂಗಲ್ ದುಡ್ಡು ಹಾಕಿತು. 2022ರಲ್ಲಿ ರಿಲಯನ್ಸ್ ರಿಟೇಲ್ 20 ಕೋಟಿ ಡಾಲರ್ ಹೂಡಿ ಕಾಲುಭಾಗಕ್ಕಿಂತ ತುಸು ಹೆಚ್ಚು ಪಾಲು ಪಡೆಯಿತು. ಅಷ್ಟರಲ್ಲಿ ಕಂಪನಿ ದಾರಿ ಬದಲಿಸಿ, ಬಡಾವಣೆಗಳಲ್ಲಿ ಪುಟ್ಟ ಗೋದಾಮು ತೆರೆದು, ನಿಮಿಷಗಳಲ್ಲಿ ದಿನಸಿ ತಲುಪಿಸುವ ಪೈಪೋಟಿಗೆ ಇಳಿದಿತ್ತು.

ತೊಡಕಿದ್ದದ್ದು ಕೋಡಿನಲ್ಲಲ್ಲ. ಹಾಲು, ಸೊಪ್ಪಿನ ಸಣ್ಣ ಆರ್ಡರ್‌ನಲ್ಲಿ ಉಳಿಯುವುದೇ ನಾಲ್ಕು ಕಾಸು. ಅದರಲ್ಲೇ ಡೆಲಿವರಿ ಹುಡುಗನ ಕೂಲಿ, ಗೋದಾಮಿನ ಬಾಡಿಗೆ, ಗಿರಾಕಿಗೆ ಕೊಟ್ಟ ರಿಯಾಯಿತಿ ಎಲ್ಲವೂ ಹೊಂದಬೇಕು. ಹೊಂದದಿದ್ದರೆ ಆರ್ಡರ್ ಹೆಚ್ಚಿದಷ್ಟೂ ನಷ್ಟ ಬೆಳೆಯುತ್ತದೆ. 2023ರಲ್ಲಿ ನೌಕರರ ಸಂಬಳವೇ ತಡವಾಯಿತು. 2025ರ ಜನವರಿಯಲ್ಲಿ ಆ್ಯಪ್ ನಿಂತೇಹೋಯಿತು.

ನಾವು ಎಂಜಿನಿಯರುಗಳು ಕೈಗೆ ಸಿಕ್ಕ ಕಿರಿಕಿರಿಗೆಲ್ಲ ಸಾಫ್ಟ್‌ವೇರ್ ಬರೆಯಬಲ್ಲೆವು. ಆದರೆ ಕಿರಿಕಿರಿ ಇದೆಯೆಂದ ಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲ. ಆದ್ದರಿಂದ ಹೊಸ ಐಡಿಯಾ ತಂದವರಿಗೆ ನನ್ನದು ಒಂದೇ ಪ್ರಶ್ನೆ: ರಿಯಾಯಿತಿ ತೆಗೆದ ಮೇಲೂ ಗಿರಾಕಿ ಖುಷಿಯಿಂದ ದುಡ್ಡು ಕೊಡುತ್ತಾನಾ? ಹೌದು ಎಂದು ಲೆಕ್ಕ ಸಮೇತ ತೋರಿಸಿದರೆ, ಕೋಡ್ ಬರೆಯಲು ನಾನೂ ತಯಾರು.