ಶಾಲೆಯ ಬಸ್ಸು ಮತ್ತು ಸಮಾನತೆಯ ಪ್ರಶ್ನೆ

ಶಿಕ್ಷಣದ ಇತಿಹಾಸವನ್ನು ಬರೆಯುವವರು ಪಾಠಕ್ರಮ, ಪರೀಕ್ಷೆ, ಗ್ರಂಥಭಂಡಾರಗಳನ್ನು ವಿಸ್ತಾರವಾಗಿ ಚರ್ಚಿಸುತ್ತಾರೆ. ಮಗು ಶಾಲೆಯ ಬಾಗಿಲನ್ನು ತಲಪುವ ಬಗೆಯನ್ನು ಕುರಿತು ಹೆಚ್ಚೇನೂ ಹೇಳುವುದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮಟ್ಟಿಗಂತೂ ಇದು ದೊಡ್ಡ ಲೋಪವೆಂದು ನಾವು ಭಾವಿಸುತ್ತೇವೆ.

ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಸಾರ್ವಜನಿಕ ಹಣವನ್ನು ವೆಚ್ಚಮಾಡಬಹುದೆಂದು ಮ್ಯಾಸಚೂಸೆಟ್ಸ್ ಸಂಸ್ಥಾನವು 1869ರಲ್ಲಿ ಶಾಸನಮಾಡಿತು. ಚದುರಿದ ಏಕೋಪಾಧ್ಯಾಯ ಶಾಲೆಗಳನ್ನು ಮುಚ್ಚಿ, ಹಲವು ಗ್ರಾಮಗಳಿಗೆ ಒಂದೇ ದೊಡ್ಡ ಶಾಲೆಯನ್ನು ಏರ್ಪಡಿಸುವ ಪದ್ಧತಿ ಹರಡಿದುದು ಇಂಥ ಅನುಕೂಲದಿಂದಲೇ. ಮೊದಲು ಕುದುರೆಗಾಡಿ, ಅನಂತರ ಮೋಟಾರು ಬಂದವು. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಫ್ರಾಂಕ್ ಸಿರ್ ಎಂಬ ಪ್ರಾಧ್ಯಾಪಕರು ಸಮ್ಮೇಳನವೊಂದನ್ನು ಕರೆದು, ಈ ವಾಹನಗಳ ಅಳತೆ, ರಚನೆಗಳಿಗೆ ಸಮಾನ ನಿಯಮಗಳನ್ನು ಗೊತ್ತುಪಡಿಸಿದರು. ಹಳದಿ ಬಣ್ಣವನ್ನು ಆರಿಸಿದುದೂ ಆಗಲೇ: ಮುಂಜಾನೆಯ ಮಂದ ಬೆಳಕಿನಲ್ಲಿ ಹಳದಿಯ ಮೇಲಣ ಕಪ್ಪಕ್ಷರ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಮೊದಲು, ಮಕ್ಕಳಲ್ಲಿ ದೇಶಭಕ್ತಿ ಬೆಳೆಯಲೆಂದು ಬಸ್ಸಿಗೆ ಕೆಂಪು, ಬಿಳಿ, ನೀಲಿ ಬಣ್ಣ ಬಳಿದವರೂ ಇದ್ದರು. ಎದುರು ಬರುವ ಚಾಲಕನಿಗೆ ಅದರಿಂದೇನು ಉಪಕಾರವಾಗುತ್ತಿತ್ತೋ!

ಬಸ್ಸಿನ ಬಣ್ಣ ಇತ್ಯರ್ಥವಾದಷ್ಟು ಸುಲಭವಾಗಿ, ಅದು ಯಾರ ಮಕ್ಕಳಿಗೆಂಬುದು ಇತ್ಯರ್ಥವಾಗಲಿಲ್ಲ. ದಕ್ಷಿಣ ಕ್ಯಾರೊಲಿನದ ಕ್ಲಾರೆಂಡನ್ ಜಿಲ್ಲೆಯಲ್ಲಿ ಬಿಳಿಯರ ಮಕ್ಕಳಿಗೆ ಸುಮಾರು 30 ಬಸ್ಸುಗಳಿದ್ದವು. ಕರಿಯರ ಮಕ್ಕಳಿಗೆ ಒಂದೂ ಇರಲಿಲ್ಲ. ಅವರಲ್ಲಿ ಕೆಲವರು 9 ಮೈಲಿಗಳವರೆಗೂ ನಡೆಯಬೇಕಾಗಿತ್ತು. ತಂದೆತಾಯಿಗಳು ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರೆ, ಅದರ ಪೆಟ್ರೋಲಿಗೂ ಆಡಳಿತ ನೆರವಾಗಲಿಲ್ಲ. ಲೀವೈ ಪಿಯರ್ಸನ್ ಎಂಬ ರೈತರು 1948ರಲ್ಲಿ ಹೂಡಿದ ದಾವೆ, ಅವರು ತೆರಿಗೆ ಕಟ್ಟುತ್ತಿದ್ದುದು ಬೇರೊಂದು ಶಾಲಾಮಂಡಲಕ್ಕೆಂಬ ನೆಪದ ಮೇಲೆ ವಜಾ ಆಯಿತು. ಆದರೆ ಕೇವಲ ಬಸ್ಸನ್ನು ಬೇಡಿದ ಅದೇ ಜನ ಮುಂದೆ 1950ರಲ್ಲಿ 'ಬ್ರಿಗ್ಸ್' ಮೊಕದ್ದಮೆಯ ಮೂಲಕ ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ಪ್ರಶ್ನಿಸಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು 'ಬ್ರೌನ್' ತೀರ್ಪಿನಲ್ಲಿ ಆ ಪದ್ಧತಿಯನ್ನು ರಾಜ್ಯಾಂಗವಿರುದ್ಧವೆಂದು ಸಾರಿದಾಗ, ಅದರಲ್ಲಿ ಈ ಮೊಕದ್ದಮೆಯೂ ಸೇರಿತ್ತು.

ತೀರ್ಪು ಬಂದ ಮಾತ್ರಕ್ಕೆ ಮಕ್ಕಳು ಕೂಡಿ ಕಲಿಯಲಿಲ್ಲ, ಏಕೆಂದರೆ ವಾಸದ ಕೇರಿಗಳೇ ಬೇರೆಬೇರೆಯಾಗಿದ್ದವು. ಬೇರ್ಪಟ್ಟವರನ್ನು ಕೂಡಿಸಲು ನ್ಯಾಯಾಲಯಗಳು ಬಸ್ಸನ್ನು ಬಳಸಬಹುದೆಂದು 1971ರ 'ಸ್ವಾನ್' ತೀರ್ಪು ಒಪ್ಪಿತು. ದೂರದ ಪ್ರಯಾಣ ಮಕ್ಕಳಿಗೆ ಕಷ್ಟವೆಂಬ ಆಕ್ಷೇಪಣೆ ಆಗ ಬಲವಾಗಿ ಎದ್ದಿತು. ಆದರೆ 1969–70ರಲ್ಲೇ ಸಾರ್ವಜನಿಕ ಶಾಲೆಗಳ 1 ಕೋಟಿ 80 ಲಕ್ಷ ಮಕ್ಕಳು, ಎಂದರೆ ನೂರಕ್ಕೆ ಸುಮಾರು 39 ಮಂದಿ, ಬಸ್ಸಿನಲ್ಲಿಯೇ ಶಾಲೆಗೆ ಹೋಗುತ್ತಿದ್ದರೆಂದು ಆ ತೀರ್ಪೇ ತಿಳಿಸುತ್ತದೆ. ಆಕ್ಷೇಪಣೆಯ ಮೂಲ ದೂರವೊಂದರಲ್ಲೇ ಇರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. 1974ರಲ್ಲಿ ಡೆಟ್ರಾಯಿಟ್ ನಗರವನ್ನು ಕುರಿತ 'ಮಿಲಿಕೆನ್' ತೀರ್ಪು ಈ ಉಪಾಯಕ್ಕೆ ಎಲ್ಲೆ ಹಾಕಿತು. ಸುತ್ತಣ ಉಪನಗರಗಳ ಶಾಲಾಮಂಡಲಗಳು ತಾವೇ ತಪ್ಪೆಸಗಿದವೆಂದು ಸಿದ್ಧವಾಗದ ಹೊರತು ಅವನ್ನು ಈ ಏರ್ಪಾಟಿಗೆ ಎಳೆಯಕೂಡದೆಂದು ಅದು ವಿಧಿಸಿತು. ಸಮಾನತೆಗಾಗಿ ಹೊರಟ ಬಸ್ಸು ನಗರದ ಗಡಿಯಲ್ಲಿಯೇ ನಿಂತಿತು.