ಕಾಲು ಹಾರ್ಮೋನಿಯಂ: ಮೊದಲು ಗಾಳಿ, ಆಮೇಲೆ ಸ್ವರ

ಅರಸೀಕೆರೆ, ತಿಪಟೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಬೇಕೆಂದು ನಿಶ್ಚಯವಾದರೆ ಮೊದಲು ಗೊತ್ತು ಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ಪಾತ್ರಧಾರಿಗಳಿಗೆ ಮಾತು, ಮಟ್ಟು, ಕಂದಪದ್ಯ ಕಲಿಸುವವರು ಅವರೇ. ನಾಟಕದ ರಾತ್ರಿ ಬೆಳಗಾಗುವ ತನಕ ಪೆಟ್ಟಿಗೆಯ ಮುಂದೆ ಕೂರುವವರೂ ಅವರೇ. ಅವರ ಕಾಲು ಹಾರ್ಮೋನಿಯಂ ಎಷ್ಟೋ ಕಡೆ ಅವರಿಗಿಂತ ಹಿರಿಯದು. ಅಂಥ ಹಳೆಯ ಪೆಟ್ಟಿಗೆ ಅಪಸ್ವರ ನುಡಿಯತೊಡಗಿದರೆ ‘ರೀಡು ಹೋಗಿದೆ, ಬದಲಾಯಿಸಿ’ ಎಂಬ ಸಲಹೆ ಬೇಗ ಬಂದುಬಿಡುತ್ತದೆ. ಆ ಸಲಹೆಗೆ ಕಟ್ಟಕಡೆಯಲ್ಲಿ ಕಿವಿಗೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರೀಡು ಅಂದರೆ ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಉದ್ದನೆಯ ಗಂಡಿ, ಗಂಡಿಯ ಮೇಲೆ ಒಂದು ತುದಿಯಲ್ಲಿ ಮಾತ್ರ ರಿವೆಟ್ ಹೊಡೆದು ಕೂರಿಸಿದ ತೆಳುವಾದ ನಾಲಿಗೆ. ನಾಲಿಗೆಯ ಇನ್ನೊಂದು ತುದಿ ತುಸುವೇ ಮೇಲೆದ್ದಿರುತ್ತದೆ. ಗಾಳಿ ಒತ್ತಿದಾಗ ಅದು ಗಂಡಿಯೊಳಕ್ಕೆ ಬಾಗಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ತನ್ನ ಬಿಗುಪಿನಿಂದ ಮತ್ತೆ ಮೇಲೇಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಗಾಳಿಯನ್ನು ತುಂಡರಿಸುವುದೇ ನಮಗೆ ಕೇಳುವ ಸ್ವರ. ನಾಲಿಗೆಯ ಉದ್ದ ಅರ್ಧವಾದರೆ ಸ್ವರ ಎರಡು ಸ್ಥಾಯಿ ಮೇಲೇರುತ್ತದೆ. ದಪ್ಪ ಅರ್ಧವಾದರೆ ಒಂದು ಸ್ಥಾಯಿ ಇಳಿಯುತ್ತದೆ. ಮೂರೂವರೆ ಸ್ಥಾಯಿಯ ಪೆಟ್ಟಿಗೆಯಲ್ಲಿ 42 ಮನೆಗಳು. ಎರಡು ಸಾಲು ರೀಡು ಇದ್ದರೆ 84 ನಾಲಿಗೆಗಳು.

ಪ್ಯಾರಿಸ್ಸಿನ ದೆಬೆಯ್ನ್ 1840ರ ದಶಕದ ಆರಂಭದಲ್ಲಿ ಈ ವಾದ್ಯಕ್ಕೆ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕು ಪಡೆದ. ಕೈಯಲ್ಲಿ ತಿದಿ ಒತ್ತುವ ಚಿಕ್ಕ ಪೆಟ್ಟಿಗೆಯನ್ನು ಕೊಲ್ಕತ್ತದ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ರೂಪಿಸಿದರು. ಗಮಕಕ್ಕೆ ಒಗ್ಗದ ವಾದ್ಯವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಇದನ್ನು ಹೊರಗಿಟ್ಟಿತ್ತು. ನಮ್ಮ ರಂಗಭೂಮಿ ಮಾತ್ರ ಕೈಬಿಡಲಿಲ್ಲ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೂ ಮುಟ್ಟುವ ದನಿ ಇದಕ್ಕಿತ್ತು. ತಿದಿಯ ಕೆಲಸವನ್ನು ಕಾಲಿಗೆ ಬಿಟ್ಟರೆ ಎರಡೂ ಕೈ ನುಡಿಸಲು ಸಿಗುತ್ತಿದ್ದವು.

ಹಳೆಯ ಪೆಟ್ಟಿಗೆಯ ಯೋಗ್ಯತೆ ಅಳೆಯುವವರು ಮೊದಲು ಒಂದು ಮನೆಯನ್ನೂ ಒತ್ತಬಾರದು. ಪೆಡಲ್ ತುಳಿದು ತಿದಿಯನ್ನು ಪೂರ್ತಿ ತುಂಬಿಸಿ, ಕಾಲು ತೆಗೆದು, ಅದು ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ನೋಡಬೇಕು. ಬೇಗ ಕುಸಿದರೆ ಎಲ್ಲೋ ಗಾಳಿ ಸೋರುತ್ತಿದೆ: ಮಡಿಕೆಯ ಮೂಲೆಯಲ್ಲಿ ಚರ್ಮ ಬಿರುಕು ಬಿಟ್ಟಿರಬಹುದು, ಹಲಗೆ ಸೀಳಿರಬಹುದು. ಒತ್ತಡ ಏರಿಳಿದರೆ ಶ್ರುತಿಯೂ ತುಸು ಜಗ್ಗುತ್ತದೆ, ಮಂದ್ರದ ದೊಡ್ಡ ನಾಲಿಗೆಗಳು ತಡವಾಗಿ ಏಳುತ್ತವೆ. ಸೋರುವ ಪೆಟ್ಟಿಗೆಯಲ್ಲಿ ಶ್ರುತಿ ತಿದ್ದಲು ಹೊರಟರೆ ತಪ್ಪಿಲ್ಲದ ರೀಡನ್ನು ಕೆಡಿಸಿದಂತೆಯೇ. ಮನೆ ಒತ್ತದಿದ್ದರೂ ಒಂದು ಸ್ವರ ತಾನೇ ಕೂಗುತ್ತಿದ್ದರೆ ಅದೂ ರೀಡಿನ ದೋಷವಲ್ಲ. ಮನೆಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ; ಸ್ಪ್ರಿಂಗ್ ಸಡಿಲವಾಗಿದೆ, ಇಲ್ಲವೇ ಮುಚ್ಚಳದ ಚರ್ಮಕ್ಕೆ ಕಸ ಅಂಟಿದೆ.

ಹಳೆಯ ಬೆಸುಗೆಗಳಿಗೆ ಬಡಗಿಗಳು ಮರವಜ್ರ ಬಳಸುತ್ತಿದ್ದರು. ಬಿಸಿ, ತೇವ ತಾಗಿದರೆ ಅದು ಮೆತ್ತಗಾಗುತ್ತದೆ, ಹಲಗೆ ಮುರಿಯದೆ ಬಿಚ್ಚಿ ಬರುತ್ತದೆ. ಈಗಿನ ಬಿಳಿ ಅಂಟು ಮೆತ್ತಿದ ಕಡೆ ಆ ಅನುಕೂಲ ಇಲ್ಲ. ಹಿಂದಿನ ರಿಪೇರಿ ಯಾವುದರಿಂದ ಆಗಿದೆ ಎಂದು ನೋಡಿಕೊಂಡೇ ಕೈಹಾಕಬೇಕು.

ಇಷ್ಟಾದ ಮೇಲೆ ರೀಡು. ನುಡಿಯದ ರೀಡಿನಲ್ಲಿ ಹಲವು ಸಲ ಇರುವುದು ಧೂಳಿನ ಒಂದು ಎಳೆ. ನಾಲಿಗೆಗೂ ಗಂಡಿಯ ಅಂಚಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ಎಳೆ ಸಿಕ್ಕಿದರೆ ನಾಲಿಗೆ ಆಡುವುದಿಲ್ಲ. ನಾಲಿಗೆಯ ಅಡಿಯಲ್ಲಿ ತೆಳು ಕಾಗದ ಆಡಿಸಿದರೆ ಸಾಕು. ಕಿಲುಬು ಹಿಡಿದಿದೆಯೆಂದು ಪೂಜೆಯ ಪಾತ್ರೆಯ ಹಾಗೆ ಹುಣಸೆಹಣ್ಣು ಹಚ್ಚಿ ಬೆಳಗಬೇಡಿ. ಬೆಳಗುವುದೆಂದರೆ ಲೋಹ ಸವೆಸುವುದೇ, ಲೋಹ ಸವೆದರೆ ಸ್ವರ ಬದಲಾಗುತ್ತದೆ.

ಶ್ರುತಿ ತಿದ್ದುವ ಕೆಲಸವೂ ಸವೆಸುವುದೇ, ಆದರೆ ಲೆಕ್ಕವಿಟ್ಟು. ನಾಲಿಗೆಯ ಕೆಳಗೆ ತೆಳು ಉಕ್ಕಿನ ತಗಡು ಕೊಟ್ಟು, ತುದಿಯಲ್ಲಿ ಒಂದಿಷ್ಟು ಕೆರೆದರೆ ಅಲ್ಲಿನ ಭಾರ ಇಳಿದು ಸ್ವರ ಏರುತ್ತದೆ. ರಿವೆಟ್ಟಿನ ಹತ್ತಿರ, ಬುಡದಲ್ಲಿ ಕೆರೆದರೆ ಬಿಗುಪು ತಗ್ಗಿ ಸ್ವರ ಇಳಿಯುತ್ತದೆ. ಬುಡದಲ್ಲೇ ಅಪಾಯ. ಲೋಹ ದಣಿದು ಬಿರುಕು ಬಿಡುವುದು ಸಾಮಾನ್ಯವಾಗಿ ಅಲ್ಲೇ. ನಿನ್ನೆವರೆಗೆ ಸರಿಯಿದ್ದ ಒಂದೇ ಒಂದು ಮನೆ ಇದ್ದಕ್ಕಿದ್ದಂತೆ ಇಳಿದು ನುಡಿದರೆ, ಕೆರೆಯುವ ಮೊದಲು ಭೂತಗನ್ನಡಿ ಹಿಡಿದು ಬುಡ ನೋಡಬೇಕು. ಬಿರುಕು ಕಂಡರೆ ಬದಲಾಯಿಸಬೇಕಾದದ್ದು ಅದೊಂದನ್ನೇ, ಇಡೀ ಸಾಲನ್ನಲ್ಲ.

ಈಗ ನಾಟಕಕ್ಕೆ ಕೀಬೋರ್ಡ್, ರಿದಮ್ ಪ್ಯಾಡ್ ಬಂದಿವೆ. ಹಳೆಯ ಪೆಟ್ಟಿಗೆ ಕೀಬೋರ್ಡಿಗೆ ಹೊಂದುವುದಿಲ್ಲವೆಂದು ಎಲ್ಲ ನಾಲಿಗೆಗಳನ್ನೂ ಕೆರೆಸಿದವರಿದ್ದಾರೆ. ನನಗೆ ಸಂಕಟವಾಗುವುದು ಇಲ್ಲೇ. ಕೆರೆದ ಹಿತ್ತಾಳೆಯನ್ನು ಮರಳಿ ಕೂಡಿಸಲಾಗದು. ಪೆಟ್ಟಿಗೆ ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ತನ್ನೊಳಗೆ ಶುದ್ಧವಾಗಿಯೇ ಇದೆ. ಸಾಮಾನ್ಯವಾಗಿ ಕೀಬೋರ್ಡುಗಳಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸಿ ಇಳಿಸುವ ಸೌಲಭ್ಯವಿರುತ್ತದೆ. ಒಂದು 440, ಇನ್ನೊಂದು 444 ಕಂಪನದಲ್ಲಿ ಒಟ್ಟಿಗೆ ನುಡಿದರೆ ಸೆಕೆಂಡಿಗೆ ನಾಲ್ಕು ಸಲ ದನಿ ಅಲೆಯಾಗಿ ತೂಗುತ್ತದೆ. ಮೇಷ್ಟ್ರು ಒಂದು ಮನೆ ಹಿಡಿದಿರಲಿ, ಕೀಬೋರ್ಡಿನವರು ಅದೇ ಸ್ವರ ಒತ್ತಿ, ಆ ತೂಗಾಟ ನಿಲ್ಲುವವರೆಗೆ ತಮ್ಮ ಶ್ರುತಿಯನ್ನು ಸರಿಸಲಿ.