ಪೇಟೆಯ ಶೌಚಗುಂಡಿಯೂ ನಮ್ಮ ತೋಟದ ಹಳ್ಳವೂ



ಪೇಟೆಯ ಶೌಚಗುಂಡಿಗಳಿಂದ ಟ್ಯಾಂಕರಿನಲ್ಲಿ ಹೀರಿ ತರುವ ರಾಡಿಯನ್ನು ಅಡಿಕೆಯ ಬುಡಕ್ಕೆ ಹಾಕಿಸಿಕೊಳ್ಳಬಹುದೇ ಎಂದು ನಮ್ಮ ಕೆಲವು ಸದಸ್ಯರು ವಿಚಾರಿಸಿದ್ದಾರೆ. ಹಸಿಯಾಗಿ ಖಂಡಿತ ಕೂಡದು. ಸರಿಯಾಗಿ ಸಂಸ್ಕರಿಸಿದ ಮೇಲೆ ಅಡ್ಡಿಯಿಲ್ಲ. ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ಹಸಿ ರಾಡಿಯಲ್ಲಿ ಸಾರಜನಕವೂ ರಂಜಕವೂ ಇರುವುದು ನಿಜ. ಅದರೊಡನೆ ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ. ನೆರಳು, ತೇವ, ದರಕಿನ ಹೊದಿಕೆ ಇರುವ ನಮ್ಮ ತೋಟಗಳಲ್ಲಿ ಈ ಮೊಟ್ಟೆಗಳು ಬಹುಕಾಲ ಜೀವ ಹಿಡಿದಿರುತ್ತವೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕವೇ ದೇಹವನ್ನು ಹೊಗುತ್ತದೆ. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆಂಬುದನ್ನೂ ಮರೆಯಬಾರದು. ಹಳ್ಳಕ್ಕೆ ಸುರಿದರಂತೂ ಕೆಳಗಿನ ತೋಟಗಳ ಬಾವಿಗಳಿಗೆಲ್ಲ ಅಪಾಯ.

ಇದಕ್ಕೆ ಒಳಚರಂಡಿಯೊಂದೇ ಪರಿಹಾರವೆಂಬ ಭಾವನೆಯಿದೆ. ಮನೆಗಳು ಚದುರಿರುವ, ಏರುತಗ್ಗಿನ ಸಣ್ಣ ಊರಿಗೆ ಅದರ ವೆಚ್ಚ ಭಾರಿಯಾಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲಿ ಬೇರೊಂದು ದಾರಿಯನ್ನು ಕಾರ್ಯಗತಗೊಳಿಸಲಾಯಿತು. ಆಗ ಅಲ್ಲಿ ಒಳಚರಂಡಿ ಇರಲಿಲ್ಲ. ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿಯ ನೆರವಿನಿಂದ ಪುರಸಭೆಯು ದಿನಕ್ಕೆ 6,000 ಲೀಟರು ರಾಡಿಯನ್ನು ಸಂಸ್ಕರಿಸುವ ಘಟಕವನ್ನು ಹೊಂದಿತು. 3,000 ಲೀಟರಿನ ಟ್ಯಾಂಕರಾದರೆ ದಿನಕ್ಕೆ ಎರಡು ಲೋಡು ಎಂದಾಯಿತು.

ಅದರ ಕ್ರಮ ಸರಳ. ಟ್ಯಾಂಕರಿನ ರಾಡಿಯು ಮೊದಲು ಜಾಲರಿಯನ್ನು ಹಾದು ಬರುತ್ತದೆ; ಚಿಂದಿ, ಪ್ಲಾಸ್ಟಿಕ್ಕುಗಳು ಅಲ್ಲೇ ಉಳಿಯುತ್ತವೆ. ಅನಂತರ ಗೋಬರ್ ಗ್ಯಾಸಿನಂಥ ಮುಚ್ಚಿದ ತೊಟ್ಟಿಗಳಲ್ಲಿ ಗಾಳಿಯಿಲ್ಲದೆ ಕೊಳೆತು ಹದಕ್ಕೆ ಬರುತ್ತದೆ. ಮುಂದೆ ಮರಳು-ಜಲ್ಲಿಯ ಒಣಪಾತಿಗಳ ಮೇಲೆ ಹರವಿದಾಗ ನೀರು ಕೆಳಕ್ಕೆ ಬಸಿದು, ಗಟ್ಟಿ ಭಾಗ ಮೇಲೆ ಒಣಗುತ್ತದೆ. ಬಸಿದ ನೀರನ್ನು ತಿಳಿಗೊಳಿಸುವ ತೊಟ್ಟಿ ಹಾಗೂ ಸೋಸುತೊಟ್ಟಿಗಳ ಮೂಲಕ ಹಾಯಿಸಿ, ಕೊನೆಗೆ ಗಿಡ ನೆಟ್ಟ ಜಲ್ಲಿಪಾತಿಗೆ ಬಿಡುತ್ತಾರೆ. ನೀರು ಹೆಚ್ಚಿನಂಶ ಇಳಿಜಾರಿನ ಬಲದಿಂದಲೇ ಸಾಗುವುದರಿಂದ ದೊಡ್ಡ ಯಂತ್ರಗಳ ಅಗತ್ಯವಿಲ್ಲ.

ಒಣಗಿದ ಮಾತ್ರಕ್ಕೆ ಗೊಬ್ಬರ ಸುರಕ್ಷಿತವೆನ್ನಲಾಗದು. ಅದನ್ನು ಪೇಟೆಯ ಹಸಿ ಕಸದೊಡನೆ ಬೆರೆಸಿ ರಾಶಿ ಹಾಕಿ, ಮಗುಚುತ್ತಾ ಕಾಂಪೋಸ್ಟ್ ಮಾಡಬೇಕು. ರಾಶಿಯೆಲ್ಲವೂ 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಾರಕ್ಕೂ ಮೀರಿ ಇದ್ದರೆ ಜಂತುಮೊಟ್ಟೆಗಳು ಸಾಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಪ್ರಕಾರ, ಗೊಬ್ಬರದ ಒಣತೂಕದ ಒಂದು ಗ್ರಾಮಿನಲ್ಲಿ ಇಂಥ ಮೊಟ್ಟೆ ಒಂದಕ್ಕಿಂತ ಕಡಿಮೆಯಿರಬೇಕು. ಕೊಳ್ಳುವಾಗ ಪರೀಕ್ಷಾ ವರದಿಯನ್ನು ಕೇಳುವುದು ಲೇಸು.

ಈ ಕ್ರಮದ ಮಿತಿಯನ್ನೂ ತಿಳಿದಿರಬೇಕು. ಇದು ಗುಂಡಿಯ ರಾಡಿಗೆ ಮಾತ್ರ. ಬಚ್ಚಲು, ಅಡಿಗೆಮನೆಗಳ ನೀರಿಗೆ ಬೇರೆ ಏರ್ಪಾಡು ಬೇಕು. ನಮ್ಮ ಮಳೆಗಾಲಕ್ಕೆ ಒಣಪಾತಿ, ಗೊಬ್ಬರದ ರಾಶಿಗಳೆರಡಕ್ಕೂ ಬೆಳಕು ಬೀಳುವ ಭದ್ರವಾದ ಮಾಡು ಅಗತ್ಯ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಹಸಿ ರಾಡಿಯ ಟ್ಯಾಂಕರನ್ನು ತೋಟಕ್ಕಾಗಲಿ ಹಳ್ಳಕ್ಕಾಗಲಿ ಬಿಡಿಸಿಕೊಳ್ಳಬೇಡಿ.

2. ರಕ್ಷಣಾ ಸಾಧನಗಳಿಲ್ಲದೆ ಆಳನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು.

3. ಘಟಕಕ್ಕೆ ಜಾಗ ಹುಡುಕುವಾಗ 'ನಮ್ಮ ಕಡೆಗೆ ಬೇಡ' ಎನ್ನುವುದು ಸಹಜ. ಆದರೆ ಘಟಕವಿಲ್ಲದಿದ್ದರೂ ರಾಡಿ ನಮ್ಮ ಕಡೆಗೇ ಬರುತ್ತದೆ, ಅದೂ ಹಸಿಯಾಗಿ, ರಾತ್ರಿ ಹೊತ್ತಿನಲ್ಲಿ. ಹಳ್ಳ, ಬಾವಿಗಳಿಂದ ದೂರವಾದ ಸ್ಥಳವನ್ನು ಸೂಚಿಸಿ ಪಟ್ಟಣ ಪಂಚಾಯಿತಿಗೆ ಒತ್ತಾಯ ತರುವುದೇ ಬೆಳೆಗಾರರಿಗೆ ಹಿತ.

— ಕಾರ್ಯದರ್ಶಿ